ವಿದಾಯದ ಹಾಡಿಗೆ ಎರಡು ಕಂಠ

‘ಬ್ಯಾಲಡ್’ ಎಂಬ ಮಾತನ್ನು ನೀವು ಇಂಗ್ಲಿಷ್ ಪಠ್ಯದಲ್ಲಿ ಓದಿರುತ್ತೀರಿ. ನಮ್ಮ ಲಾವಣಿಯ ಹಾಗೆ ಕಥೆ ಹೇಳುವ ಹಾಡು ಅದು. ಪಾಪ್ ಸಂಗೀತಕ್ಕೆ ಬಂದ ಮೇಲೆ ಆ ಹೆಸರು ನಿಧಾನಗತಿಯ, ಭಾವ ತುಂಬಿದ ಹಾಡುಗಳಿಗೆ ಅಂಟಿಕೊಂಡಿತು. ಅನೇಕ ವೇಳೆ ಅವುಗಳ ಕಥೆ ಸಾಹಿತ್ಯದಲ್ಲಿ ಇರುವುದಿಲ್ಲ, ಹಾಡು ಹುಟ್ಟಿದ ಸಂದರ್ಭದಲ್ಲಿ ಇರುತ್ತದೆ. ‘ಐ ವಿಲ್ ಆಲ್ವೇಸ್ ಲವ್ ಯು’ ಅಂಥದೊಂದು ಹಾಡು.

ವಿಟ್ನಿ ಹ್ಯೂಸ್ಟನ್ ಅವರ ಕಂಠದಲ್ಲಿ ಕೇಳಿದವರು ಇದನ್ನು ಪ್ರೇಮಿಗಳ ಅಗಲಿಕೆಯ ಹಾಡೆಂದೇ ತಿಳಿಯುತ್ತಾರೆ. ಆದರೆ ಇದನ್ನು ಬರೆದ ಡಾಲಿ ಪಾರ್ಟನ್ ಅವರ ಮನಸ್ಸಿನಲ್ಲಿದ್ದವರು ಪ್ರಿಯಕರನಲ್ಲ, ತಮ್ಮನ್ನು ಬೆಳಕಿಗೆ ತಂದ ಹಿರಿಯ ಗಾಯಕ.

ಡಾಲಿ 1946ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಬಡ ಕುಟುಂಬವೊಂದರಲ್ಲಿ, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರಾಗಿ ಹುಟ್ಟಿದರು. 1967ರಲ್ಲಿ ಕಂಟ್ರಿ ಗಾಯಕ ಪೋರ್ಟರ್ ವ್ಯಾಗನರ್ ತಮ್ಮ ಟೆಲಿವಿಷನ್ ಕಾರ್ಯಕ್ರಮಕ್ಕೆ ಅವರನ್ನು ಸೇರಿಸಿಕೊಂಡರು. ಹೆಸರು ಬಂತು. ಕೆಲವು ವರ್ಷಗಳಲ್ಲಿ ಸ್ವತಂತ್ರವಾಗಿ ಹಾಡುವ ಆಸೆಯೂ ಬಂತು. ಹೋಗುತ್ತೇನೆಂದರೆ ಪೋರ್ಟರ್ ಕೇಳಲೊಲ್ಲರು, ದಿನವೂ ವಾದ. ಮಾತಿನಲ್ಲಿ ತೀರದ್ದನ್ನು ಡಾಲಿ 1973ರಲ್ಲಿ ಹಾಡಾಗಿ ಬರೆದು, ಅವರೆದುರೇ ಹಾಡಿದರು. ಪೋರ್ಟರ್ ಕಣ್ಣೀರಿಟ್ಟು ಒಪ್ಪಿಗೆ ಕೊಟ್ಟರೆಂದು ಡಾಲಿ ಹಲವು ಸಲ ಹೇಳಿದ್ದಾರೆ. ಹಾಡಿನಿಂದ ಎಲ್ಲವೂ ಸರಿಹೋಯಿತೆಂದು ಭಾವಿಸಬೇಡಿ. 1979ರಲ್ಲಿ ಪೋರ್ಟರ್ ಅವರ ಮೇಲೆ ಮೊಕದ್ದಮೆಯನ್ನೇ ಹೂಡಿದರು! ರಾಜಿಯಾದದ್ದು ಆಮೇಲೆ.

1974ರಲ್ಲಿ ಹಾಡು ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡಲು ಬಯಸಿದರು. ಆದರೆ ಅವರ ವ್ಯವಸ್ಥಾಪಕ ಟಾಮ್ ಪಾರ್ಕರ್ ಪ್ರಕಾಶನದ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಹಾಡನ್ನು ಯಾರೇ ಹಾಡಲಿ, ಧ್ವನಿಮುದ್ರಿಕೆ ಮಾರಾಟವಾದಾಗ, ರೇಡಿಯೋದಲ್ಲಿ ಪ್ರಸಾರವಾದಾಗ ಬರೆದವರಿಗೆ ಬರುವ ಗೌರವಧನ ಈ ಹಕ್ಕಿನಿಂದ ಬರುತ್ತದೆ. ಎಲ್ವಿಸ್ ಎಂದರೆ ಡಾಲಿಗೆ ಬಹಳ ಅಭಿಮಾನ. ಆದರೂ ಒಲ್ಲೆ ಎಂದರು, ರಾತ್ರಿಯಿಡೀ ಅತ್ತರಂತೆ. ಇಪ್ಪತ್ತರ ಹರೆಯ ದಾಟದ ಗಾಯಕಿಗೆ ಅದು ಸಣ್ಣ ಧೈರ್ಯವಲ್ಲ.

1992ರಲ್ಲಿ ‘ದಿ ಬಾಡಿಗಾರ್ಡ್’ ಚಿತ್ರಕ್ಕೆ ಈ ಹಾಡನ್ನು ಸೂಚಿಸಿದವರು ನಾಯಕ ನಟ ಕೆವಿನ್ ಕಾಸ್ಟ್ನರ್. ಆರಂಭದಲ್ಲಿ ವಾದ್ಯವೇ ಇರಬಾರದು, ವಿಟ್ನಿಯ ಧ್ವನಿ ಮಾತ್ರ ಸಾಕು ಎಂದವರೂ ಅವರೇ. ಕೊನೆಯ ಭಾಗವನ್ನು ಗಮನವಿಟ್ಟು ಕೇಳಿ. ಎಲ್ಲವೂ ಕ್ಷಣಕಾಲ ನಿಲ್ಲುತ್ತದೆ, ಡ್ರಮ್ಮಿನ ಒಂದೇ ಪೆಟ್ಟು, ಒಡನೆ ಹಾಡಿನ ಶ್ರುತಿಯೇ ಮೇಲೇರುತ್ತದೆ. ನಮ್ಮ ಕಛೇರಿಯಲ್ಲಿ ತಂಬೂರಿಯ ಶ್ರುತಿ ಮೊದಲಿನಿಂದ ಕೊನೆಯವರೆಗೆ ಒಂದೇ. ಅದಕ್ಕೇ ಈ ಏರಿಕೆ ನಮ್ಮ ಕಿವಿಗೆ ಇನ್ನಷ್ಟು ಬೆರಗು ತರುತ್ತದೆ. ಬಿಲ್ಬೋರ್ಡ್ ಪಟ್ಟಿಯಲ್ಲಿ ಇದು 14 ವಾರ ಮೊದಲ ಸ್ಥಾನದಲ್ಲಿತ್ತು. ಬರೆದ ಹಕ್ಕನ್ನು ಬಿಟ್ಟುಕೊಡದ ಡಾಲಿಗೆ ಅದರ ಫಲವೂ ದಕ್ಕಿತು. 2012ರ ಫೆಬ್ರವರಿಯಲ್ಲಿ ವಿಟ್ನಿ 48ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಅವರ ಶವಪೆಟ್ಟಿಗೆಯನ್ನು ಚರ್ಚಿನಿಂದ ಹೊರತರುತ್ತಿದ್ದಂತೆ ಇದೇ ಧ್ವನಿಮುದ್ರಣ ಮೊಳಗಿತು.

ಎರಡನ್ನೂ ಒಂದಾದ ಮೇಲೊಂದು ಕೇಳಿ. ವಿಟ್ನಿ ಗಗನಕ್ಕೇರಿಸುವ ಹಾಡನ್ನು ಡಾಲಿ ಮೆಲ್ಲಗೆ ಹಾಡುತ್ತಾರೆ. ಶುಭ ಕೋರುವ ಕೊನೆಯ ನುಡಿಯನ್ನಂತೂ ಅವರು ಹಾಡುವುದೇ ಇಲ್ಲ. ಎದುರಿಗೆ ಕುಳಿತವರೊಡನೆ ಮಾತಾಡುವಂತೆ ಹೇಳುತ್ತಾರೆ.