ಗಿರಣಿಯ ಬಾಗಿಲಿನಿಂದ ಅಡಿಗೆಮನೆಯವರೆಗೆ

ಕಳೆದ ವರ್ಷ ಶ್ರಾವಣಮಾಸದಲ್ಲಿ ನಾವು ಪರಿಚಿತರೊಬ್ಬರ ಮನೆಗೆ ಸತ್ಯನಾರಾಯಣನ ಪೂಜೆಗೆಂದು ಹೋಗಿದ್ದೆವು. ಮಂಗಳಾರತಿಯಾಗುವವರೆಗೂ ಹತ್ತು ವರ್ಷಕ್ಕೆ ಮೀರದ ಹುಡುಗಿಯೊಬ್ಬಳು ಆ ಮನೆಯ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಊಟವಾದೊಡನೆ ಕೂಸನ್ನಿಳಿಸಿ ಎಂಜಲೆಲೆಗಳನ್ನು ತೆಗೆದಳು; ಅನಂತರ ಪಾತ್ರೆಗಳ ರಾಶಿಯ ಮುಂದೆ ಕುಳಿತಳು. "ಕೆಲಸದವಳೆಂದು ನಾವು ಎಣಿಸಿಯೇ ಇಲ್ಲ, ಮನೆಯ ಮಗಳಿದ್ದ ಹಾಗೆ ಇದ್ದಾಳೆ" ಎಂದು ಯಜಮಾನಿತಿಯವರು ಹೇಳಿದರು. ಅವರ ಸ್ವಂತ ಮಗಳು ಆ ಹೊತ್ತಿನಲ್ಲಿ ಶಾಲೆಯಲ್ಲಿದ್ದಳು. ನಾವು ತಾಂಬೂಲವನ್ನು ತೆಗೆದುಕೊಂಡು ಸುಮ್ಮನೆ ಹಿಂದಿರುಗಿದೆವು.

ಮಕ್ಕಳ ದುಡಿಮೆಯೆಂದೊಡನೆ ವಾಚಕರಿಗೆ ಶಿವಕಾಶಿಯ ಬೆಂಕಿಪೊಟ್ಟಣ, ಬೀಡಿ ಸುತ್ತುವ ಮೊರ, ರಾಮನಗರದ ರೇಷ್ಮೆಯ ರಾಟೆ ಇವು ನೆನಪಾಗುವುದು ಸಹಜವು. ಶಾಸನದ ದೃಷ್ಟಿಯೂ ಬಹುಕಾಲ ಅಂತಹ ಕಡೆಗಳಲ್ಲಿಯೇ ಇದ್ದಿತು. ಈ ದೇಶದ ಮೊದಲ ಕಾರ್ಖಾನೆ ಕಾಯಿದೆಯು 1881ರಲ್ಲಿ ಬಂದಿತು. 7 ವರ್ಷ ತುಂಬದ ಮಗುವನ್ನು ಕೆಲಸಕ್ಕೆ ಹಚ್ಚಬಾರದು, 7ರಿಂದ 12ರವರೆಗಿನ ಮಕ್ಕಳನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಇಷ್ಟೇ ಅಂದಿನ ದಯೆ. (ಮುಂಬಯಿಯ ಗಿರಣಿಗಳ ಪೈಪೋಟಿಗೆ ಹೆದರಿದ ಲ್ಯಾಂಕಶೈರಿನ ಗಿರಣಿದಾರರೂ ಈ ದಯೆಗಾಗಿ ಒತ್ತಾಯಪಡಿಸಿದ್ದರೆಂಬುದನ್ನು ಮರೆಯಲಾಗದು.) ಆ ವಯಸ್ಸು 1891ರಲ್ಲಿ 9ಕ್ಕೆ, 1922ರಲ್ಲಿ 12ಕ್ಕೆ, 1948ರಲ್ಲಿ 14ಕ್ಕೆ ಏರಿತು. ನಡುವೆ 1933ರಲ್ಲಿ ಬಂದ ಕಾಯಿದೆಯೊಂದು ವಿಶೇಷವಾದುದು. ಮುಂಗಡ ಹಣ ಪಡೆದು ಮಗುವಿನ ದುಡಿಮೆಯನ್ನು ಒತ್ತೆಯಿಡುವ ಕರಾರು ಅಸಿಂಧುವೆಂದು ಅದು ಸಾರಿತು. ಒತ್ತೆಯಿಟ್ಟ ತಂದೆಗೆ 50 ರೂಪಾಯಿಯವರೆಗೆ, ಇಟ್ಟುಕೊಂಡ ಧಣಿಗೆ 200 ರೂಪಾಯಿಯವರೆಗೆ ಜುಲ್ಮಾನೆ. 1938ರ ಕಾಯಿದೆಯು ಬೀಡಿ, ಬೆಂಕಿಕಡ್ಡಿ, ರತ್ನಗಂಬಳಿ ಮೊದಲಾದ ಕಸಬುಗಳ ಪಟ್ಟಿಯನ್ನೇ ಕೊಟ್ಟಿತು. 1986ರಲ್ಲಿ ಮತ್ತೊಂದು ಕಾಯಿದೆ ಬಂದು ಮತ್ತೊಂದು ಪಟ್ಟಿಯನ್ನು ತಂದಿತು. ಗೃಹಸ್ಥರ ಅಡಿಗೆಮನೆಯ ಹೆಸರನ್ನು ಮಾತ್ರ ಯಾವ ಪಟ್ಟಿಯೂ ಎತ್ತಲಿಲ್ಲ.

1999ರಲ್ಲಿ ಕೇಂದ್ರ ಸರಕಾರವು ತನ್ನ ನೌಕರರು 14 ತುಂಬದ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳಬಾರದೆಂದು ನಡತೆಯ ನಿಯಮಗಳಲ್ಲಿ ಸೇರಿಸಿತು. ಮಿಕ್ಕವರ ಮನೆಗಳಿಗೂ, ಹೋಟಲು ಚಹದಂಗಡಿಗಳಿಗೂ ನಿಷೇಧವು ತಗುಲಿದ್ದು 2006ನೆಯ ಅಕ್ಟೋಬರ್ 10ರಂದು. ಗಿರಣಿಯ ಬಾಗಿಲಿನಿಂದ ನಮ್ಮ ಅಡಿಗೆಮನೆಗೆ ಬರಲು ಶಾಸನಕ್ಕೆ 125 ವರ್ಷ ಹಿಡಿಯಿತು! ಕಾರಣವನ್ನು ದೂರ ಹುಡುಕಬೇಕಾದುದಿಲ್ಲ. ಗಿರಣಿಗಳ ಒಡೆಯರು ಕೆಲವರು. ಅಡಿಗೆಮನೆಗಳ ಒಡೆಯರು ನಾವೆಲ್ಲರೂ. ನಮ್ಮ ಬಾಲ್ಯದ ಮನೆಯಲ್ಲಿಯೂ ಒಬ್ಬ ಹುಡುಗನಿದ್ದನು. ಅವನಿಗೆ ಎಷ್ಟು ವರ್ಷವೆಂದು ಯಾರೂ ಕೇಳಿದ್ದಿಲ್ಲ; ನಮ್ಮ ಹಳೆಯ ಅಂಗಿಗಳು ಅವನಿಗೆ ಸರಿಯಾಗಿ ಹಿಡಿಯುತ್ತಿದ್ದುವೆಂಬುದರಿಂದ ಈಗ ಊಹಿಸಬೇಕಾಗಿದೆ.

2016ರ ತಿದ್ದುಪಡಿಯು 14 ತುಂಬದ ಮಕ್ಕಳನ್ನು ಎಲ್ಲ ಕೆಲಸಗಳಿಂದಲೂ ತಪ್ಪಿಸಿತು. ತಪ್ಪಿದವರಿಗೆ 6 ತಿಂಗಳಿಂದ 2 ವರ್ಷದವರೆಗೆ ಸೆರೆಮನೆ, ಇಲ್ಲವೆ 20,000ದಿಂದ 50,000 ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಶಾಲೆ ಬಿಟ್ಟ ಮೇಲೂ ರಜೆಯಲ್ಲಿಯೂ ಮಗುವು ತನ್ನ ಕುಟುಂಬಕ್ಕೆ ಅಪಾಯವಿಲ್ಲದ ಕೆಲಸದಲ್ಲಿ ನೆರವಾಗಬಹುದೆಂಬ ವಿನಾಯಿತಿಯುಂಟು. ಈ ಕಂಡಿಯು ಬಹಳ ಅಗಲವಾಯಿತೆಂದೇ ನಮ್ಮ ಅಭಿಪ್ರಾಯ. ಆದರೂ ಕುಟುಂಬವೆಂದರೆ ತಾಯಿ, ತಂದೆ, ಒಡಹುಟ್ಟಿದವರು, ತಾಯಿತಂದೆಗಳ ಒಡಹುಟ್ಟಿದವರು ಎಂದು ಕಾಯಿದೆಯು ಎಣಿಸಿ ಹೇಳಿದೆ. "ಮಗಳಿದ್ದ ಹಾಗೆ" ಎಂಬ ನಂಟು ಅದರಲ್ಲಿಲ್ಲ. 14 ದಾಟಿದವರಿಗೆ ಮನೆಗೆಲಸವು ನಿಷಿದ್ಧವಲ್ಲವಾದುದರಿಂದ ದಲ್ಲಾಳಿಗಳು ಕರೆತರುವ ಹುಡುಗಿಯರಿಗೆಲ್ಲ ಹೇಗೋ 15 ತುಂಬಿರುತ್ತದೆ! ಅಂತಹವರ ಸಂಬಳವನ್ನು ಹಿಡಿದಿಟ್ಟುಕೊಂಡರೆ 2015ರ ಬಾಲನ್ಯಾಯ ಕಾಯಿದೆಯಂತೆ 5 ವರ್ಷದವರೆಗೆ ಕಠಿಣ ಶಿಕ್ಷೆಯೂ 1 ಲಕ್ಷ ರೂಪಾಯಿ ದಂಡವೂ ಉಂಟೆಂಬುದನ್ನು ಗೃಹಸ್ಥರು ತಿಳಿದಿರಬೇಕು.

ಎಂಟು ದಿನ ಕಳೆದ ಮೇಲೆ ನಾವು ಮತ್ತೆ ಆ ಮನೆಗೆ ಹೋದೆವು. "ಕಳುಹಿಸಿಬಿಟ್ಟರೆ ಅದರ ಹೊಟ್ಟೆಗೇನು ಗತಿ, ನೀವೇ ಹೇಳಿ" ಎಂದು ಯಜಮಾನಿತಿಯವರು ಕೇಳಿದರು. ಶಾಲೆಯಲ್ಲಿ ಮಧ್ಯಾಹ್ನದ ಊಟವುಂಟೆಂದೆವು. ರಾತ್ರಿಯ ಊಟಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಾತು ಬೆಳೆದಾಗ, ಅವಳ ತಂದೆಯು ಮುಂಗಡ ಪಡೆದಿರುವನೆಂದೂ ಅದು ತೀರುವವರೆಗಾದರೂ ಇರಲೆಂದೂ ಯಜಮಾನರು ಹೇಳಿದರು. 1933ರಲ್ಲಿಯೇ ಅಸಿಂಧುವಾದ ಕರಾರು ಆ ನಡುಮನೆಯಲ್ಲಿ ಇನ್ನೂ ಜೀವಿಸಿತ್ತು! ಕೊನೆಗೆ ಜುಲ್ಮಾನೆಯ ಮಾತು ಬಂದ ಮೇಲೆ ಮುಂಗಡವನ್ನು ಬಿಟ್ಟುಕೊಟ್ಟು ಹುಡುಗಿಯನ್ನು ಊರಿಗೆ ಕಳುಹಿಸಿದರು. ನೇರವಾಗಿ ದೂರು ಕೊಡಬೇಕಾಗಿದ್ದಿತೆಂದು ಕೆಲವು ಮಿತ್ರರು ನಮ್ಮನ್ನು ಆಕ್ಷೇಪಿಸಿದ್ದಾರೆ. ಅವರ ಮಾತು ಸುಳ್ಳಲ್ಲ.

ಹುಡುಗಿಯ ಊರಿನ ಶಾಲೆಗೆ ನಾವೂ ಹೋಗಿದ್ದೆವು. ಶಾಲೆ ತಪ್ಪಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದ ಪಾಠವನ್ನು ಬೇರೆಯಾಗಿ ಹೇಳಿಕೊಡಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ವಿಧಿಸಿದೆ. ಮುಖ್ಯೋಪಾಧ್ಯಾಯರು ಅದನ್ನು ಬಲ್ಲವರಾಗಿದ್ದರು. ಈಗ ಅವಳು ಐದನೆಯ ತರಗತಿಯಲ್ಲಿ ಕುಳಿತಿದ್ದಾಳೆ. ಕಾಗುಣಿತವನ್ನು ಮಾತ್ರ ಸಂಜೆ ಚಿಕ್ಕಮಕ್ಕಳೊಡನೆ ತಿದ್ದುತ್ತಾಳೆ.

ಈ ಶ್ರಾವಣದಲ್ಲಿ ಆ ಮನೆಯ ಪೂಜೆಗೆ ನಮಗೆ ಕರೆ ಬರಲಿಲ್ಲ.