40 ಮೀಟರ್ ದೂರದಲ್ಲಿ ದಾರಿ ತಪ್ಪಿದವರು

ಬೆಂಗಳೂರಿನ ಚಿಕ್ಕಲಸಂದ್ರದ ಅಕ್ಕನ ಮನೆಯಲ್ಲಿ ಒಂದು ಭಾನುವಾರ ಒಂದೇ ಹೊತ್ತಿಗೆ ಇಬ್ಬರು ದಾರಿ ತಪ್ಪಿದರು. ಒಬ್ಬ ಅಕ್ಕನ ಮಗ. ಸೋಫಾದಲ್ಲಿ ಕಾಲು ಚಾಚಿಕೊಂಡು ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್ ಆಡುತ್ತಿದ್ದವನು, ಬೆಟ್ಟದ ಬುಡದಲ್ಲಿ ಸುತ್ತಿ ಸುತ್ತಿ ಸುಸ್ತಾಗಿದ್ದ. 'ನಿಧಿ 40 ಮೀಟರ್ ದೂರ ಅಂತ ತೋರಿಸ್ತಿದೆ ಮಾಮ, ಆದ್ರೆ ಇಲ್ಲಿ ಏನೂ ಇಲ್ಲ!' ಇನ್ನೊಬ್ಬ, ಊಟದ ಪಾರ್ಸೆಲ್ ಹೊತ್ತು ಬಂದ ಡೆಲಿವರಿ ಹುಡುಗ. ಫೋನಿನಲ್ಲಿ ಅವನದೂ ಅದೇ ಗೋಳು: 'ಲೊಕೇಶನ್ ಇಲ್ಲೇ ಇದೆ ಮೇಡಂ, ಮುಂದೆ ಗೋಡೆ ಅಡ್ಡ ಇದೆ.'

ನಿಧಿ ಇದ್ದದ್ದು ಬೆಟ್ಟದ ಹೊಟ್ಟೆಯೊಳಗಿನ ಗುಹೆಯಲ್ಲಿ. ಮನೆ ಇದ್ದದ್ದು ಗೋಡೆಯಾಚೆಯ ಬೀದಿಯಲ್ಲಿ. ನೂಲು ಹಿಡಿದರೆ 40 ಮೀಟರ್, ನಡೆದರೆ ಎರಡು ಬೀದಿ.

ಅಕ್ಕ ಫೋನ್ ಕಿವಿಗಿಟ್ಟು ಹೇಳಿದಳು: 'ಬಂದ ದಾರೀಲೇ ವಾಪಸ್ ಹೋಗಪ್ಪ. ಹಾಲಿನ ಬೂತ್ ಸಿಗತ್ತೆ, ಅಲ್ಲಿ ಎಡಕ್ಕೆ ತಿರುಗು. ಬೇವಿನ ಮರ ದಾಟಿದ ಮೇಲೆ ಮೂರನೇ ಗೇಟು.'

ತಮಾಷೆಯೆಂದರೆ, ಆಟದೊಳಗಿನ ರಾಕ್ಷಸರು ಹೀಗೆ ದಾರಿ ತಪ್ಪುವುದು ಕಡಿಮೆ. ಆಟಗಾರನಿಗೆ ಕಾಣುವುದು ಚಿತ್ರದಂಥ ನಕ್ಷೆ; ರಾಕ್ಷಸನಿಗೆ ಕಂಪ್ಯೂಟರು ಕೊಡುವುದು ಬೇರೆಯೇ ನಕ್ಷೆ. ಕಾಲಿಡಬಹುದಾದ ನೆಲವನ್ನೆಲ್ಲ ತುಂಡುತುಂಡಾಗಿ ಕತ್ತರಿಸಿ, ಯಾವ ತುಂಡಿನಿಂದ ಯಾವುದಕ್ಕೆ ದಾಟಬಹುದು ಎಂದು ಅದರಲ್ಲಿ ಬರೆದಿಟ್ಟಿರುತ್ತಾರೆ. ಬೆಟ್ಟ, ಗೋಡೆ, ನದಿ ಎಂದರೆ ಅದಕ್ಕೆ 'ದಾಟಲಾಗದು' ಎಂದಷ್ಟೇ ಅರ್ಥ. ಈ ತುಂಡುಗಳ ನಡುವೆ ಹತ್ತಿರದ ದಾರಿ ಹುಡುಕಲು ಬಹಳಷ್ಟು ಆಟಗಳು ನಂಬಿರುವುದು 'ಎ ಸ್ಟಾರ್' ಎಂಬ ವಿಧಾನವನ್ನು. ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್, ಬರ್ಟ್ರಮ್ ರಫೇಲ್ ಎಂಬ ಮೂವರು ಅಮೆರಿಕದಲ್ಲಿ ರೋಬಾಟ್ ಒಂದನ್ನು ಓಡಾಡಿಸುವ ಕೆಲಸದಲ್ಲಿದ್ದಾಗ 1968ರಲ್ಲಿ ಪ್ರಕಟಿಸಿದ ವಿಧಾನವಿದು.

ಅದರ ಲೆಕ್ಕ ಸರಳ. ಚಿಕ್ಕಲಸಂದ್ರದಿಂದ ಜಯನಗರ 4ನೇ ಬ್ಲಾಕಿಗೆ ಹೊರಟಿದ್ದೀರಿ ಎನ್ನಿ. ಪ್ರತಿ ತಿರುವಿನಲ್ಲೂ ಎರಡು ಸಂಖ್ಯೆ ಬರೆದುಕೊಳ್ಳಬೇಕು: ಇಲ್ಲಿವರೆಗೆ ಸವೆಸಿದ ದಾರಿ ಎಷ್ಟು, ಇಲ್ಲಿಂದ ಗುರಿಗೆ ನೂಲು ಹಿಡಿದರೆ ಎಷ್ಟು. ಎರಡನ್ನೂ ಕೂಡಿ, ಮೊತ್ತ ಕಡಿಮೆಯಿರುವ ತಿರುವನ್ನು ಮೊದಲು ನೋಡಬೇಕು. ಉತ್ತರಹಳ್ಳಿಯ ಕಡೆಗೆ ತಿರುಗಿದರೆ ಎರಡು ಸಂಖ್ಯೆಯೂ ಏರುತ್ತವೆ, ಹಾಗಾಗಿ ಆ ಬೀದಿಗಳ ಗೊಡವೆಗೇ ಹೋಗುವುದಿಲ್ಲ. ಬನಶಂಕರಿ ದೇವಸ್ಥಾನದ ಕಡೆಗೆ ಹೋದರೆ ಸವೆಸಿದ್ದು ಏರಿದರೂ ಉಳಿದದ್ದು ಇಳಿಯುತ್ತದೆ. ನಡುವೆ ಗೋಡೆ ಅಡ್ಡ ಬಂದರೆ, ಹಿಂದೆ ಬರೆದಿಟ್ಟ ಇನ್ನೊಂದು ತಿರುವನ್ನು ಹಿಡಿಯುವುದು. ನೂಲಿನ ದೂರ ಎಂದೂ ನಡೆಯುವ ದೂರಕ್ಕಿಂತ ಹೆಚ್ಚಾಗಲಾರದು. ಆದ್ದರಿಂದ ಕೊನೆಗೆ ಕೈಗೆ ಸಿಗುವುದು ಅತಿ ಹತ್ತಿರದ ದಾರಿಯೇ.

ಈಗ ಅಕ್ಕನ ಮಗನ ಸಂಕಟ ಅರ್ಥವಾದೀತು. ರಾಕ್ಷಸನ ಬಳಿ ಎರಡೂ ಸಂಖ್ಯೆಗಳಿದ್ದವು. ಇವನ ಪರದೆಯ ಮೇಲಿದ್ದದ್ದು ನೂಲಿನ ದೂರ ಒಂದೇ.

ಮೊದಲಿನ ಆಟಗಾರರಿಗೆ ಇದೂ ಇರಲಿಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ 1978ರಲ್ಲಿ ಶುರುಮಾಡಿದ 'ಮಡ್' ಎಂಬ ಆಟದಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ. ಉತ್ತರಕ್ಕೊಂದು ದಾರಿ, ಪೂರ್ವಕ್ಕೊಂದು ದಾರಿ ಎಂದು ಓದಿಕೊಂಡು ಆಟಗಾರರೇ ಪೆನ್ಸಿಲ್ ಹಿಡಿದು ನಕ್ಷೆ ಗೀಚಿಕೊಳ್ಳಬೇಕಿತ್ತು. 1999ರಲ್ಲಿ ಬಂದ 'ಎವರ್‌ಕ್ವೆಸ್ಟ್'ನಲ್ಲಿ ಮೂರು ಆಯಾಮದ ಲೋಕವಿತ್ತು, ನಕ್ಷೆ ಇರಲಿಲ್ಲ. ಉತ್ತರ ದಿಕ್ಕು ಯಾವುದೆಂದು ತಿಳಿಯುವುದೇ ಅಲ್ಲಿ ಅಭ್ಯಾಸದಿಂದ ಗಳಿಸಬೇಕಾದ ವಿದ್ಯೆ. 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಪರದೆಯ ಮೂಲೆಯಲ್ಲೊಂದು ದುಂಡನೆಯ ಪುಟ್ಟ ನಕ್ಷೆ ಕೊಟ್ಟಿತು. ಆದರೂ ಹೋಗಬೇಕಾದ ಜಾಗವನ್ನು ಮಾತಿನಲ್ಲಿ ಓದಿಯೇ ಹುಡುಕಬೇಕಿತ್ತು. 2009ರ ಕೊನೆಯಲ್ಲಿ ಆ ಜಾಗಗಳ ಗುರುತೂ ನಕ್ಷೆಗೆ ಬಂತು. ಓದುವ ಕೆಲಸ ತಪ್ಪಿತು.

ಹೀಗೆ ಕೆಲಸ ತಪ್ಪಿದಾಗ ಮಿದುಳಿನಲ್ಲಿ ಏನಾಗುತ್ತದೆ? ಪ್ರಾಣಿಗಳು ತಿರುವುಗಳನ್ನು ಬಾಯಿಪಾಠ ಮಾಡುವುದಷ್ಟೇ ಅಲ್ಲ, ತಲೆಯೊಳಗೆ ನಕ್ಷೆಯನ್ನೇ ಕಟ್ಟಿಕೊಳ್ಳುತ್ತವೆ ಎಂದು ಇಲಿಗಳನ್ನು ನೋಡಿ ಎಡ್ವರ್ಡ್ ಟೋಲ್ಮನ್ ಬರೆದದ್ದು 1948ರಲ್ಲಿ. 1971ರಲ್ಲಿ ಜಾನ್ ಓಕೀಫ್, ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶಗಳನ್ನು ಕಂಡರು. 2005ರಲ್ಲಿ ಮೈ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ, ನೆಲಕ್ಕೆ ಜಾಲ ಹಾಸಿ ಅಳೆಯುವಂತೆ ಮಿಡಿಯುವ ಕೋಶಗಳನ್ನು ಪಕ್ಕದ ಭಾಗದಲ್ಲೇ ಪತ್ತೆಮಾಡಿತು. ಓಕೀಫ್ ಮತ್ತು ಇಬ್ಬರು ಮೋಸರ್‌ಗಳಿಗೆ 2014ರಲ್ಲಿ ನೊಬೆಲ್ ಬಂತು. 2017ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ, ತಾವೇ ದಾರಿ ಹುಡುಕುವವರ ಹಿಪ್ಪೊಕ್ಯಾಂಪಸ್ ಹೊಸ ಬೀದಿಗೆ ಕಾಲಿಟ್ಟಾಗಲೆಲ್ಲ ಚುರುಕಾಗುತ್ತಿತ್ತು. 'ಎಡಕ್ಕೆ, ಬಲಕ್ಕೆ' ಎಂಬ ಆದೇಶ ಪಾಲಿಸುವವರಲ್ಲಿ ಆ ಚುರುಕು ಕಾಣಲಿಲ್ಲ.

ಟೋಲ್ಮನ್ ಬರೆದ ಅದೇ 1948ರಲ್ಲೇ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅಲ್ಲಿ ವಿಳಾಸವೇ ನಕ್ಷೆ: ಮೇನ್ ಒಂದು ಸಂಖ್ಯೆ, ಕ್ರಾಸ್ ಇನ್ನೊಂದು, ಎರಡೂ ಗೊತ್ತಿದ್ದರೆ ಬಿಂದು ಸಿಕ್ಕಿತು. ಚಿಕ್ಕಲಸಂದ್ರ ಹಾಗಲ್ಲ. 'ಸಂದ್ರ' ಎಂದರೆ ಸಮುದ್ರ, ಅಂದರೆ ಕೆರೆ. ಕೆರೆಯ ಹೆಸರು ಹೊತ್ತ ಈ ಹಳ್ಳಿಯನ್ನು ಬಡಾವಣೆಗಳು ಒಂದೊಂದಾಗಿ ಬಂದು ಸುತ್ತುವರಿದವು. ಇಲ್ಲಿ ಕ್ರಾಸಿನ ಸಂಖ್ಯೆಗಿಂತ ಬೇವಿನ ಮರವೇ ಗಟ್ಟಿ ಗುರುತು.

ಈ ವ್ಯತ್ಯಾಸಕ್ಕೂ ಆಟವೊಂದು ಅಳತೆಗೋಲಾಗಿದೆ. ಮರೆಗುಳಿ ಕಾಯಿಲೆಯ ಸಂಶೋಧನೆಗಾಗಿ 2016ರಲ್ಲಿ ಬಂದ 'ಸೀ ಹೀರೋ ಕ್ವೆಸ್ಟ್' ಎಂಬ ಮೊಬೈಲ್ ಆಟದಲ್ಲಿ ನಕ್ಷೆಯನ್ನು ಮೊದಲು ತೋರಿಸಿ ಆಮೇಲೆ ಮರೆಮಾಡುತ್ತಿದ್ದರು. ನೆನಪಿನಿಂದಲೇ ದೋಣಿ ನಡೆಸಬೇಕಿತ್ತು. 38 ದೇಶಗಳ ಸುಮಾರು 4 ಲಕ್ಷ ಜನರ ಆಟವನ್ನು ಲೆಕ್ಕಹಾಕಿದ ವರದಿ 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ನಗರದ ಹೊರಗೆ ಬೆಳೆದವರು ಸರಾಸರಿಯಲ್ಲಿ ಮುಂದಿದ್ದರು. ಷಿಕಾಗೊದಂಥ ಚೌಕುಳಿ ಬೀದಿಗಳ ನಗರದಲ್ಲಿ ಬೆಳೆದವರು ಚೌಕುಳಿ ಹಂತಗಳಲ್ಲಿ ಗೆದ್ದರು. ಅಂಕುಡೊಂಕು ಬೀದಿಗಳಲ್ಲಿ ಬೆಳೆದವರಿಗೆ ಅಂಕುಡೊಂಕೇ ಸಲೀಸಾಯಿತು. ಬಾಲ್ಯದಲ್ಲಿ ತುಳಿದ ಬೀದಿ ತಲೆಯೊಳಗಿನ ನಕ್ಷೆಗೆ ಅಚ್ಚಾಗುತ್ತದೆ ಎಂದಾಯಿತು.

ಆ ಭಾನುವಾರ ಪಾರ್ಸೆಲ್ ಬಂತು. ಚಿತ್ರಾನ್ನ ಬಿಚ್ಚುವ ಹೊತ್ತಿಗೆ ಸೋಫಾದಿಂದ ಕೇಕೆ. 'ಸಿಕ್ತು ಮಾಮ! ಬಂದ ದಾರೀಲೇ ವಾಪಸ್ ಹೋದೆ. ಜಲಪಾತದ ಹತ್ರ ಎಡಕ್ಕೆ ತಿರುಗಿದ್ರೆ, ಒಂಟಿ ಮರದ ಹಿಂದೆ ಗುಹೆ ಬಾಯಿ!' ಅಕ್ಕ ಡೆಲಿವರಿ ಹುಡುಗನಿಗೆ ಹೇಳಿದ್ದು ಇವನ ಕಿವಿಗೂ ಬಿದ್ದಿತ್ತು.