ಮರುಗಿದರೆ ಅಂಗಡಿ ನಡೆದೀತೆ?

ಮುಂಬಯಿ ಕಾಲಾಘೋಡಾದ ‘ರಿದಂ ಹೌಸ್’ 2016ರಲ್ಲಿ ಬಾಗಿಲು ಹಾಕಿತು. 1940ರ ದಶಕದ ಅಂಗಡಿ. ರೆಕಾರ್ಡು ಹೋಗಿ ಕ್ಯಾಸೆಟ್ಟು, ಕ್ಯಾಸೆಟ್ಟು ಹೋಗಿ ಸಿ.ಡಿ. ಬಂದಾಗಲೂ ಜಗ್ಗಲಿಲ್ಲ. ಹಾಡು ಕೇಳಿ ನೋಡಿ ಕೊಳ್ಳೋದಕ್ಕೆ ಅಲ್ಲೇ ಪುಟ್ಟ ಗೂಡುಗಳಿದ್ದವು. ಊರಿನ ಕಚೇರಿಗಳ ಟಿಕೇಟೂ ಅಲ್ಲೇ ಸಿಗುತ್ತಿತ್ತು. ಕಳ್ಳ ಮಾಲು, ಫೋನಿನ ಪುಕ್ಕಟೆ ಹಾಡು ಇವೆರಡರ ಮುಂದೆ ಗಲ್ಲಾ ತುಂಬಲಿಲ್ಲ. ಮುಚ್ಚುವ ಸುದ್ದಿಗೆ ಮರುಗಿದವರು ಬಹಳ. ಮರುಕದಿಂದ ಯಾವ ಅಂಗಡಿ ನಡೆದೀತು?

ಅಮೆರಿಕದ ಸಣ್ಣ ಅಂಗಡಿಯವರು ಕೈಕಟ್ಟಿ ಕೂರಲಿಲ್ಲ. 2008ರಿಂದ ವರ್ಷಕ್ಕೊಮ್ಮೆ ‘ರೆಕಾರ್ಡ್ ಸ್ಟೋರ್ ಡೇ’ ನಡೆಸುತ್ತಿದ್ದಾರೆ. ಆ ದಿನಕ್ಕೆಂದೇ ಬೇರೆ ರೆಕಾರ್ಡು, ಅಂಗಡಿಯೊಳಗೇ ಸ್ಥಳೀಯರ ಹಾಡು. ಬಾಗಿಲು ತೆರೆಯುವ ಮೊದಲೇ ಗಿರಾಕಿಗಳ ಸಾಲು!

ಊರಿನ ಹಾಡುಗಾರ ಬೇಕೆನ್ನುವವರು ಪಾಸು ಕೇಳೋದು ಬಿಟ್ಟು ಟಿಕೇಟು ಕೊಳ್ಳಲಿ.